ಮನೆ ಬಿಟ್ಟು ಬಂದರೂ ವಾಸದ ಹಕ್ಕು ಉಳಿದಿರುತ್ತದೆ

ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಹೊರಬಂದ ಮಹಿಳೆಯರು ವಕೀಲರ ಬಳಿ ಬಂದಾಗ, ವಿಚ್ಛೇದನ ಮತ್ತು ಜೀವನಾಂಶಕ್ಕಿಂತ ಮೊದಲು ಇವತ್ತು ರಾತ್ರಿ ಎಲ್ಲಿ ಉಳಿಯುವುದು ಎಂದು ಕೇಳುತ್ತಾರೆ. ಅವರಲ್ಲಿ ಅನೇಕರು ಮತ್ತೆ ಅದೇ ಮನೆಗೆ ಮರಳುವುದು ತವರಿನಲ್ಲಿ ಬಹಳ ದಿನ ಇರಲಾಗದೆ, ಮಕ್ಕಳ ಶಾಲೆ ತಪ್ಪುವುದನ್ನು ನೋಡಲಾಗದೆ; ಗಂಡ ಬದಲಾಗಿದ್ದಾನೆಂಬ ನಂಬಿಕೆಯಿಂದ ಮರಳುವವರು ಕಡಿಮೆ. ಆದ್ದರಿಂದ ಯಾವುದೇ ಅರ್ಜಿಯಲ್ಲಿ ವಾಸದ ಬೇಡಿಕೆಯೇ ಮೊದಲು ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತುರ್ತಿಗೆ 181 ಮಹಿಳಾ ಸಹಾಯವಾಣಿ ಇದೆ. ಹಿಂಸೆಗೊಳಗಾದ ಮಹಿಳೆಯರಿಗಾಗಿ ಸರ್ಕಾರ ನಡೆಸುವ ಸಖಿ ಒನ್ ಸ್ಟಾಪ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಐದು ದಿನಗಳವರೆಗೆ ತಂಗಬಹುದು. ಅಲ್ಲಿಂದ ಮುಂದೆ ಆಶ್ರಯಗೃಹಕ್ಕೆ ಕಳುಹಿಸುತ್ತಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯ ನಿಯಮಗಳ ಪ್ರಕಾರ, ಹಿಂಸೆಯ ವರದಿ ಇನ್ನೂ ದಾಖಲಾಗಿಲ್ಲ ಎಂಬ ಕಾರಣಕ್ಕೆ ಆಶ್ರಯಗೃಹ ಯಾರಿಗೂ ಜಾಗ ನಿರಾಕರಿಸುವಂತಿಲ್ಲ. ಆಕೆ ಬೇಡವೆಂದರೆ, ಆಕೆ ಅಲ್ಲಿರುವ ವಿಷಯವನ್ನು ಗಂಡನಿಗೆ ತಿಳಿಸುವಂತೆಯೂ ಇಲ್ಲ. ಆದರೆ ಸರ್ಕಾರಿ ಯೋಜನೆಯ ಆಶ್ರಯಗೃಹಗಳಲ್ಲಿ ಗಂಡುಮಕ್ಕಳಿಗೆ ವಯೋಮಿತಿ ಇದೆ. ಮೀಸೆ ಚಿಗುರುತ್ತಿರುವ ಮಗನಿರುವ ತಾಯಿಗೆ, ಮಗನನ್ನು ಬೇರೆ ಕಡೆ ಬಿಡಬೇಕು ಇಲ್ಲವೇ ತಾನೂ ಹಿಂದಿರುಗಬೇಕು ಎಂಬ ಸ್ಥಿತಿ ಬರುತ್ತದೆ, ಮತ್ತು ಅನೇಕ ತಾಯಂದಿರು ಹಿಂದಿರುಗುತ್ತಾರೆ. ಇದು ಯೋಜನೆಯ ಗಂಭೀರ ಕೊರತೆ.

ಆಶ್ರಯಗೃಹ ತಾತ್ಕಾಲಿಕ, ವಾಸದ ಹಕ್ಕು ಹಾಗಲ್ಲ. ಕಾಯ್ದೆಯ 17ನೇ ಕಲಮಿನ ಪ್ರಕಾರ, ಮನೆಯ ಪತ್ರದಲ್ಲಿ ತನ್ನ ಹೆಸರು ಇರಲಿ ಬಿಡಲಿ, ಕುಟುಂಬದೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಮನೆ ಬಾಡಿಗೆಯದಾದರೂ ಸರಿ. ಮನೆ ಅತ್ತೆಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಈ ಹಕ್ಕು ಇಲ್ಲವೆಂಬ ವಾದ ಬಹುಕಾಲ ನಡೆಯಿತು. 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅದೇ ವರ್ಷ ಬೆಂಗಳೂರಿನಿಂದ ಹೋದ ಎಸ್. ವನಿತಾ ಪ್ರಕರಣದಲ್ಲಿ, ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದಿಟ್ಟುಕೊಂಡು ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕಲಾಗದು ಎಂದಿತು. ಹಿರಿಯರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿ ನೋಡುತ್ತದೆ, ಅದು ನ್ಯಾಯವೇ. ಹಿಂಸೆಗೆ ಹೆದರಿ ಹೊರಬಂದಾಕೆ ಅರ್ಜಿ ಹಾಕುವ ದಿನ ಅದೇ ಮನೆಯಲ್ಲಿ ಇರಲೇಬೇಕೆಂದಿಲ್ಲ ಎಂಬುದು 2022ರ ಪ್ರಭಾ ತ್ಯಾಗಿ ತೀರ್ಪಿನಿಂದ ಸ್ಪಷ್ಟವಾಗಿದೆ.

ಆದರೂ ಹೊಡೆದವನ ಜೊತೆ ಒಂದೇ ಸೂರಿನಡಿ ಇರುವುದು ಎಲ್ಲರಿಗೂ ಸಾಧ್ಯವಿಲ್ಲ. 19ನೇ ಕಲಮಿನಡಿ ಗಂಡನನ್ನೇ ಮನೆಯಿಂದ ಹೊರಹೋಗುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಮನೆಯನ್ನು ಮಾರದಂತೆ ಅಥವಾ ಅಡವಿಡದಂತೆ ತಡೆಯಬಹುದು. ಇಲ್ಲವೇ ಆಕೆ ಇದ್ದ ಮಟ್ಟದ್ದೇ ಬೇರೆ ಮನೆಯನ್ನು ಒದಗಿಸುವಂತೆ, ಅಥವಾ ಅದರ ಬಾಡಿಗೆ ಕೊಡುವಂತೆ ಹೇಳಬಹುದು. ಈ ಕೊನೆಯ ಪರಿಹಾರ ಕಾಯ್ದೆಯಲ್ಲಿಯೇ ಇದ್ದರೂ ಅರ್ಜಿಗಳಲ್ಲಿ ಅದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. "ಸೂಕ್ತ ವಸತಿ ಕೊಡಿಸಬೇಕು" ಎಂದಷ್ಟೇ ಬರೆದರೆ ಮ್ಯಾಜಿಸ್ಟ್ರೇಟರಿಗೆ ಲೆಕ್ಕ ಹಾಕಲು ಏನೂ ಇರುವುದಿಲ್ಲ. ಆಕೆ ಬಾಳಿದ ಮನೆಯಲ್ಲಿ ಎಷ್ಟು ಕೋಣೆಗಳಿವೆ, ಮಕ್ಕಳ ಶಾಲೆ ಎಷ್ಟು ದೂರ, ಆ ಬಡಾವಣೆಯಲ್ಲಿ ಅಂಥದೇ ಮನೆಗೆ ಬಾಡಿಗೆ ಎಷ್ಟು ಎಂಬುದನ್ನು ಬಿಡಿಸಿ ಬರೆಯಬೇಕು. ಮುಖ್ಯವಾಗಿ, ಮುಂಗಡದ ಮೊತ್ತವನ್ನು ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ತಿಂಗಳ ಬಾಡಿಗೆಗೆ ಮಾತ್ರ ಆದೇಶವಾದರೆ, ಹಲವು ತಿಂಗಳ ಅಡ್ವಾನ್ಸ್ ಇಲ್ಲದೆ ಬೀಗದ ಕೈ ಕೊಡದ ಮನೆಮಾಲೀಕರ ಮುಂದೆ ಆ ಆದೇಶಕ್ಕೆ ಬೆಲೆಯೇ ಇರುವುದಿಲ್ಲ.

ಪ್ರಕರಣ ಮುಗಿಯುವವರೆಗೆ ಕಾಯಬೇಕಿಲ್ಲ. 23ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಬಹುದು. ಆಕೆ ತಾತ್ಕಾಲಿಕವಾಗಿ ಉಳಿದಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಅರ್ಜಿ ಸಲ್ಲಿಸಲು ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿ ನೆರವಾಗಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮನೆಗೆ ಮರಳಿ ಕಾಲಿಡುವಾಗ ಸಮೀಪದ ಠಾಣೆಯವರು ಜೊತೆಗಿರಬೇಕೆಂಬ ನಿರ್ದೇಶನವನ್ನೂ ಅದೇ ಅರ್ಜಿಯಲ್ಲಿ ಕೋರಬೇಕು. ಮಕ್ಕಳನ್ನು ಹೊಸ ಶಾಲೆಗೆ ಸೇರಿಸುವಾಗ ಟಿ.ಸಿ. ಹಳೆಯ ಶಾಲೆಯಲ್ಲೇ ಉಳಿದಿದ್ದರೆ ಹೆದರಬೇಕಿಲ್ಲ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದು ಬರುವುದು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.