‘ಮೊದಲು ಕಮ್ಮಿ ರೇಟಿಗೆ ಕೊಡೋಣ ಸಾರ್, ಆಮೇಲೆ ಏರಿಸೋಣ’

ಈ ಮಾತು ಕಿವಿಗೆ ಬೀಳದೆ ನನಗೆ ಒಂದು ತಿಂಗಳೂ ಕಳೆದಿಲ್ಲ. ದಾವಣಗೆರೆಯಲ್ಲಿ ಸಣ್ಣ ಹೋಟೆಲು, ಬೇಕರಿ, ಮಂಡಕ್ಕಿ ಭಟ್ಟಿಗಳ ಲೆಕ್ಕ ನೋಡುವುದು ನನ್ನ ಕೆಲಸ. ಹೊಸದಾಗಿ ಅಂಗಡಿ ಇಡುವವರು ಬಂದು ಕೂತು ಬಾಡಿಗೆ, ಸಾಲ, ಜಿಎಸ್‌ಟಿ ಎಲ್ಲ ಮಾತಾಡಿ ಮುಗಿಸಿ, ಹೊರಡುವಾಗ ಬಾಗಿಲ ಹತ್ತಿರ ನಿಂತು ಇದನ್ನು ಹೇಳುತ್ತಾರೆ. ನಾನು ಬೇಡ ಅಂದರೆ ಉತ್ತರ ರೆಡಿ ಇರುತ್ತದೆ: ‘ಜಿಯೋದವರು ಮಾಡಲಿಲ್ವಾ ಸಾರ್?’

ಮಾಡಿದರು. ಆದರೆ ಅವರು ಮಾಡಿದ್ದು ಯಾಕೆ ನಡೆಯಿತು ಅಂತ ಯಾರೂ ಕೇಳುವುದಿಲ್ಲ.

ನೋಡಿ, ಜಿಯೋ ಶುರುವಾಗಿದ್ದು 2016ರ ಸೆಪ್ಟೆಂಬರ್ 5ಕ್ಕೆ. 2017ರ ಮಾರ್ಚ್ ಕೊನೆಯವರೆಗೂ ಪುಕ್ಕಟೆ ಕೊಟ್ಟರು. ಟವರ್, ಕೇಬಲ್, ತರಂಗಾಂತರ ಎಲ್ಲದಕ್ಕೂ ಮೊದಲೇ ದುಡ್ಡು ಸುರಿದಾಗಿತ್ತು. ಅದಾದ ಮೇಲೆ ಇನ್ನೊಬ್ಬ ಗಿರಾಕಿ ಬಂದು ಒಂದು ಗಂಟೆ ಮಾತಾಡಿದರೆ ಅವರಿಗೆ ಹೆಚ್ಚಿಗೆ ಬೀಳುವ ಖರ್ಚು ತೀರಾ ಕಮ್ಮಿ. ನಿಮ್ಮ ಹೋಟೆಲಿನಲ್ಲಿ ಹಾಗಲ್ಲ. ಒಂದೊಂದು ದೋಸೆಗೂ ಹಿಟ್ಟು ಬೇಕು, ಬೆಣ್ಣೆ ಬೇಕು, ಗ್ಯಾಸ್ ಬೇಕು. ಸಾವಿರ ದೋಸೆ ಪುಕ್ಕಟೆ ಕೊಟ್ಟರೆ ಸಾವಿರ ದೋಸೆಯ ಬೆಣ್ಣೆ ಹೋಯಿತು.

ಎರಡನೆಯದು ಇನ್ನೂ ಮುಖ್ಯ. ಆಗ ಆ ಮಾರುಕಟ್ಟೆಯಲ್ಲಿದ್ದವರ ಗತಿ ಏನಾಯಿತು? ಏರ್‌ಸೆಲ್ ಮುಚ್ಚಿತು. ಟಾಟಾದವರ ಮೊಬೈಲ್ ಗಿರಾಕಿಗಳು ಏರ್‌ಟೆಲ್‌ಗೆ ಹೋದರು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. ಕೊನೆಗೆ ಉಳಿದದ್ದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. 2019ರ ಡಿಸೆಂಬರ್‌ನಲ್ಲಿ ಆ ಮೂರೂ ಕಂಪನಿಗಳು ರೇಟು ಏರಿಸಿದವು. 2021ರ ಕೊನೆಗೆ ಮತ್ತೆ, 2024ರ ಜುಲೈನಲ್ಲಿ ಇನ್ನೊಮ್ಮೆ. ನಾವು ಬೈಕೊಂಡು ಕಟ್ಟಿದೆವು, ಅಲ್ವಾ? ಯಾಕೆಂದರೆ ಹೋಗಲು ಬೇರೆ ಜಾಗ ಹೆಚ್ಚಿಲ್ಲ, ಹೊಸಬರು ಬರಬೇಕೆಂದರೆ ತರಂಗಾಂತರದ ಹರಾಜಿಗೇ ಸಾವಿರಾರು ಕೋಟಿ ಬೇಕು.

ನಿಮ್ಮ ಬೀದಿಯಲ್ಲಿ ಹೊಸಬರು ಬರಲು ಏನು ಬೇಕು? ಒಂದು ಹಂಚು, ಎರಡು ಸಿಲಿಂಡರ್, ಒಬ್ಬ ಭಟ್ಟ. ನೀವು ಕಷ್ಟಪಟ್ಟು ಪಕ್ಕದವನನ್ನು ಓಡಿಸಿ ರೇಟು ಏರಿಸುವ ಹೊತ್ತಿಗೆ, ಅದೇ ಮಳಿಗೆಗೆ ಇನ್ನೊಬ್ಬ ಅಡ್ವಾನ್ಸ್ ಕೊಟ್ಟು ಬಂದಿರುತ್ತಾನೆ. ‘ಆಮೇಲೆ ಏರಿಸೋಣ’ ಅನ್ನುವ ಆ ‘ಆಮೇಲೆ’ ಬರುವುದೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಲೆ ಆಡಿಸಿ, ಹೋಗಿ ಅದನ್ನೇ ಮಾಡುತ್ತಾರೆ. ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿಡುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಒಬ್ಬ ಹುಡುಗ ಬೆಣ್ಣೆ ದೋಸೆ ಹೋಟೆಲ್ ಇಟ್ಟ. ಒಳ್ಳೆಯ ಹುಡುಗ, ಕೈರುಚಿ ಚೆನ್ನಾಗಿದೆ, ಬೆಳಗ್ಗೆ ನಾಲ್ಕಕ್ಕೇ ಏಳುತ್ತಾನೆ. ದೋಸೆಗೆ 60 ರೂಪಾಯಿ. ಅದರಲ್ಲಿ ಹಿಟ್ಟು, ಬೆಣ್ಣೆ, ಪಲ್ಯ, ಚಟ್ನಿ, ಗ್ಯಾಸ್ ಎಲ್ಲ ಸೇರಿ 36. ದೋಸೆಗೆ 24 ಉಳಿಯಿತು. ಬಾಡಿಗೆ, ಕೂಲಿ, ಕರೆಂಟ್ ಸೇರಿ ದಿನಕ್ಕೆ 3,600 ಬೇಕು. ಅಂದರೆ 150 ದೋಸೆ ಹೋದರೆ ಅಸಲು. ಅವನದು ದಿನಕ್ಕೆ 180 ಹೋಗುತ್ತಿತ್ತು, ಕೈಗೆ 720 ರೂಪಾಯಿ ಸಿಗುತ್ತಿತ್ತು. ದೊಡ್ಡ ಸಂಪಾದನೆಯಲ್ಲ, ಆದರೆ ಮೊದಲ ವರ್ಷಕ್ಕೆ ಪರವಾಗಿಲ್ಲ.

ಅಷ್ಟರಲ್ಲಿ ಯಾರೋ ಗೆಳೆಯರು ಕಿವಿ ಊದಿದರು. ರೇಟು 50 ಮಾಡಿದ. ‘ಹತ್ತು ರೂಪಾಯಿ ತಾನೆ ಸಾರ್’ ಅಂದ. 60ರಲ್ಲಿ ಹತ್ತಲ್ಲಪ್ಪ, ಅದು ನಿನ್ನ 24ರಲ್ಲಿ ಹತ್ತು! ಬೆಣ್ಣೆಯವರು ಕಮ್ಮಿ ಮಾಡಲಿಲ್ಲ, ಗ್ಯಾಸಿನವರು ಕಮ್ಮಿ ಮಾಡಲಿಲ್ಲ, ಇಳಿದದ್ದು ಪೂರ್ತಿ ಇವನ ಪಾಲಿನದು. ಈಗ ದೋಸೆಗೆ ಉಳಿಯುವುದು 14. ಮೊದಲಿನಷ್ಟೇ ದುಡ್ಡು ಉಳಿಯಬೇಕಾದರೆ 180 ಸಾಲದು, 309 ದೋಸೆ ಹೋಗಬೇಕು. ಹೋಗಿದ್ದು 250.

ಇಲ್ಲೇ ಎಲ್ಲರೂ ಮೋಸ ಹೋಗುವುದು. 180 ಇದ್ದದ್ದು 250 ಆದರೆ ಹೋಟೆಲ್ ತುಂಬಿ ತುಳುಕುತ್ತದೆ, ಜನ ನಿಂತು ಕಾಯುತ್ತಾರೆ, ಗಲ್ಲಾಕ್ಕೆ 10,800ರ ಬದಲು 12,500 ಬರುತ್ತದೆ. ಅಪ್ಪ ಅಮ್ಮನಿಗೆ ಖುಷಿ. ಆದರೆ 250ನ್ನು 14ರಿಂದ ಗುಣಿಸಿದರೆ 3,500, ದಿನದ ಖರ್ಚಿಗೇ ನೂರು ಕಮ್ಮಿ. ರಶ್ ತಡೆಯಲಾಗದೆ 700 ಕೂಲಿಗೆ ಇನ್ನೊಬ್ಬನನ್ನು ಇಟ್ಟುಕೊಂಡ. ದಿನಕ್ಕೆ 800 ನಷ್ಟ, ತಿಂಗಳಿಗೆ 24,000. ಮೂರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದು, ‘ವ್ಯಾಪಾರ ಜೋರಾಗಿದೆ ಸಾರ್, ದುಡ್ಡು ಎಲ್ಲಿ ಹೋಗುತ್ತಿದೆ ಗೊತ್ತಾಗ್ತಿಲ್ಲ, ಹುಡುಗರು ಕದೀತಿದ್ದಾರಾ?’ ಅಂತ ಕೇಳಿದ. ಪಾಪ ಆ ಹುಡುಗರು.

ಎಲ್ಲ ವ್ಯಾಪಾರಕ್ಕೂ ಇದೇ ಲೆಕ್ಕ ಅಂತ ನಾನು ಹೇಳುತ್ತಿಲ್ಲ. ಮಂಡಕ್ಕಿ ಭಟ್ಟಿಯವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಒಬ್ಬರ ಮಂಡಕ್ಕಿಗೂ ಇನ್ನೊಬ್ಬರದಕ್ಕೂ ಕೊಳ್ಳುವವರು ಹೆಚ್ಚು ವ್ಯತ್ಯಾಸ ನೋಡುವುದಿಲ್ಲ, ಚೀಲಕ್ಕೆ ನಡೆಯುವ ರೇಟೇ ರೇಟು. ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಪಕ್ಕದ ಭಟ್ಟಿಗೆ ಹೋಗುತ್ತಾರೆ, ಕಮ್ಮಿ ಕೇಳುವ ಅಗತ್ಯವೂ ಇಲ್ಲ. ಅವರ ಕೈಯಲ್ಲಿರುವುದು ಭತ್ತ ಯಾವಾಗ ಕೊಂಡೆ, ಉರುವಲು ಎಷ್ಟು ಸುಟ್ಟೆ ಅನ್ನುವುದು ಮಾತ್ರ. ಕೋಲಾರದ ಟೊಮೆಟೊ ಬೆಳೆಗಾರರ ಪಾಡೂ ಅದೇ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿಗೆ 2,000 ದಾಟಿತ್ತು, ಎರಡು ತಿಂಗಳಲ್ಲಿ ನೆಲ ಕಚ್ಚಿತು. ಯಾವ ರೈತನೂ ಆ ರೇಟು ಇಟ್ಟದ್ದಲ್ಲ.

ಬೆಣ್ಣೆ ದೋಸೆ ಹಾಗಲ್ಲ. ನಮ್ಮೂರಲ್ಲಿ ಎಷ್ಟು ಹೋಟೆಲ್ ಇದ್ದರೂ ಪ್ರತಿಯೊಬ್ಬರಿಗೂ ‘ನಮ್ಮ ಹೋಟೆಲ್’ ಅಂತ ಒಂದಿದೆ. ಐದು ರೂಪಾಯಿ ಜಾಸ್ತಿಯಾದರೆ ಗೊಣಗುತ್ತಾರೆ, ಮರುದಿನ ಬರುತ್ತಾರೆ. ರೇಟು ಇಡುವ ಸ್ವಲ್ಪ ಸ್ವಾತಂತ್ರ್ಯ ಕೈರುಚಿಯಿಂದ ಸಿಕ್ಕಿರುತ್ತದೆ. ಅದನ್ನು ತಾವಾಗಿಯೇ ಬಿಟ್ಟುಕೊಟ್ಟು ಮಂಡಕ್ಕಿ ಚೀಲದ ಥರ ರೇಟಿನ ಮೇಲೆ ಜಗಳಕ್ಕಿಳಿಯುತ್ತಾರಲ್ಲ, ಅದು ನನಗೆ ಸಂಕಟ.

ಇನ್ನು ಕೆಲವರು ಉಲ್ಟಾ ಉಪಾಯ ತರುತ್ತಾರೆ: ‘ಬೀದಿಯ ನಾಲ್ಕು ಹೋಟೆಲಿನವರು ಕೂತು ಒಂದೇ ರೇಟು ಮಾಡಿಕೊಂಡರೆ?’ ದಯವಿಟ್ಟು ಬೇಡ. ಪೈಪೋಟಿ ನಡೆಸಬೇಕಾದವರು ಕೂಡಿ ರೇಟು ಗೊತ್ತು ಮಾಡುವುದನ್ನು 2002ರ ಸ್ಪರ್ಧಾ ಕಾಯ್ದೆ ಒಪ್ಪುವುದಿಲ್ಲ. ಇದೇ ಆರೋಪದ ಮೇಲೆ 2012ರಲ್ಲಿ ಸ್ಪರ್ಧಾ ಆಯೋಗ 11 ಸಿಮೆಂಟ್ ಕಂಪನಿಗಳಿಗೆ 6,000 ಕೋಟಿಗೂ ಜಾಸ್ತಿ ದಂಡ ಹಾಕಿತು, ಆಮೇಲೆ ಅದು ಮೇಲ್ಮನವಿಯ ದಾರಿ ಹಿಡಿಯಿತು. ಪಕ್ಕದವರ ಬೋರ್ಡ್ ನೋಡಿ ನಿಮ್ಮ ರೇಟು ನೀವೇ ತೀರ್ಮಾನಿಸುವುದು ಬೇರೆ, ಕೂತು ಮಾತಾಡುವುದು ಬೇರೆ. ಹೆಚ್ಚಿನದನ್ನು ನಿಮ್ಮ ವಕೀಲರನ್ನು ಕೇಳಿ.

ಆ ದೋಸೆ ಹೋಟೆಲಿನ ಹುಡುಗನಿಗೆ ಏನಾಯಿತು ಅಂದರೆ, ನಾನು ಲೆಕ್ಕ ತೋರಿಸಿದ ಮೇಲೆ ಬೋರ್ಡಿನಲ್ಲಿ 60 ಅಂತ ವಾಪಸ್ ಬರೆಸಿದ. ಮೊದಲು 60 ಕೊಟ್ಟು ತಿನ್ನುತ್ತಿದ್ದವರೇ ‘ಏನಪ್ಪಾ ಹತ್ತು ರೂಪಾಯಿ ಏರಿಸಿಬಿಟ್ಟೆ’ ಅಂದರು. ದಿನಕ್ಕೆ 140ಕ್ಕೆ ಇಳಿಯಿತು. ಹೆದರಿ ಮತ್ತೆ ಇಳಿಸಲು ಹೊರಟಿದ್ದ, ನಾನು ತಡೆದೆ. ಬದಲಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ನೋಡು ಅಂದೆ. ಆ ಹೊತ್ತಿನಲ್ಲಿ ಹಂಚು ಬಿಸಿ ಇರುತ್ತದೆ, ಹುಡುಗರು ಸುಮ್ನೆ ಕೂತಿರುತ್ತಾರೆ, ಕೂಲಿ ಹೇಗೂ ಕೊಡಲೇಬೇಕು. ಆಗ ಮಾತ್ರ ಖಾಲಿ ದೋಸೆಯನ್ನು 35ಕ್ಕೆ ಕೊಡಲು ಶುರು ಮಾಡಿದ, ಖರ್ಚು 22. ಕಾಲೇಜು ಹುಡುಗರು ಬರತೊಡಗಿದರು. ಬೆಳಗ್ಗೆ 60 ಕೊಡುವವರು ಮಧ್ಯಾಹ್ನಕ್ಕೆ ಕಾಯುವುದಿಲ್ಲ, ಅವರಿಗೆ ಆಫೀಸಿದೆ. ಹೀಗೆ ಇಳಿಸಿದರೆ ನನ್ನ ತಕರಾರಿಲ್ಲ.

ಬೆಳಗಿನ ವ್ಯಾಪಾರ 165ಕ್ಕೆ ಬರಲು ಐದು ತಿಂಗಳು ಹಿಡಿಯಿತು. ಹೋದ ವಾರ ಅವನದೇ ಬೀದಿಯಲ್ಲಿ ಇನ್ನೊಬ್ಬರು ‘ಉದ್ಘಾಟನಾ ಕೊಡುಗೆ, ದೋಸೆ 40’ ಅಂತ ಬ್ಯಾನರ್ ಕಟ್ಟಿದ್ದಾರೆ. ಇವನು ಫೋನ್ ಮಾಡಿದ. ನಾನೂ ಇಳಿಸಲಾ ಅಂತ ಕೇಳಲಿಲ್ಲ. ‘ಅವರ ಬಾಡಿಗೆ ನನಗಿಂತ ಜಾಸ್ತಿ ಅಂತೆ ಸಾರ್, ಎಷ್ಟು ದಿನ ತಡೀತಾರೆ ಅಂತೀರಿ?’ ಅಂದ.