ದ ರೋಸ್ (1979) ಸಿನಿಮಾಕ್ಕೆ ಸ್ವಲ್ಪ ನೋಟ್ಸ್

ನಮ್ಮ ಕಾಸರಗೋಡು ಕಡೆ ಕನ್ನಡದಲ್ಲಿ ಫಿಲ್ಮ್ ಸ್ಟಡೀಸ್ ಪರೀಕ್ಷೆ ಬರೆಯುವವರಿಗೆ ಇದು. "ರಾಕ್ ಗಾಯಕಿ, ಡ್ರಗ್ಸ್ ತಗೊಂಡ್ಲು, ಸತ್ಲು" ಅಂತ ಒಂದೇ ಸಾಲಲ್ಲಿ ಮುಗಿಸ್ಬೇಡಿ ಮಾರಾಯ್ರೆ.

ಡೈರೆಕ್ಟರ್ ಮಾರ್ಕ್ ರೈಡೆಲ್, ರೋಸ್ ಆಗಿ ಬೆಟ್ ಮಿಡ್ಲರ್. ಆಸ್ಕರ್‌ಗೆ ನಾಮಿನೇಷನ್ ಸಿಕ್ಕಿತ್ತು. ಕಥೆ ನಡೆಯೋದು 1969ರಲ್ಲಿ. 1970ರ ಅಕ್ಟೋಬರ್ 4ಕ್ಕೆ, 27ನೇ ವಯಸ್ಸಲ್ಲಿ ತೀರಿಹೋದ ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ನೆರಳು ಇದ್ರಲ್ಲಿ ಉಂಟು, ಆದ್ರೆ ಬಯೋಪಿಕ್ ಅಂತ ಬರೆದ್ರೆ ತಪ್ಪಾಗ್ತದೆ, ಯಾಕಂದ್ರೆ ಜಾನಿಸ್ ಮನೆಯವರು ಹಕ್ಕು ಕೊಡದ ಕಾರಣ ಸಿನಿಮಾದವರು ಕಥೆಯನ್ನೇ ಬದಲಾಯಿಸಿದ್ರು. ಜಾನಿಸ್ ಟೆಕ್ಸಸ್‌ನವಳು, ರೋಸ್ ಊರು ಫ್ಲೋರಿಡಾ.

ಈಗ ಮುಖ್ಯ ವಿಷಯ. ಶುರುವಲ್ಲೇ ರೋಸ್ ಮ್ಯಾನೇಜರ್ ರಜ್ ಹತ್ರ ಒಂದು ವರ್ಷ ರಜೆ ಕೇಳ್ತಾಳೆ, ಸುಸ್ತಾಗಿದೆ ಅಂತಾಳೆ, ಅವ್ನು ಕಾಂಟ್ರಾಕ್ಟ್ ತೋರಿಸ್ತಾನೆ. ಇಡೀ ಸಿನಿಮಾ ಆ ಒಂದು "ಇಲ್ಲ"ದಿಂದಲೇ ಓಡ್ತದೆ ಅಂತ ನನ್ನ ಅಭಿಪ್ರಾಯ. ನಮ್ಮ ಯಕ್ಷಗಾನ ಮೇಳದವ್ರು ನೋಡಿ, ರಾತ್ರಿಯೆಲ್ಲಾ ಕುಣಿದು ಮರುದಿನ ಇನ್ನೊಂದೂರು, ಆದ್ರೂ ಪತ್ತನಾಜೆ (ಮೇಳದ ವರ್ಷದ ತಿರುಗಾಟ ಮುಗಿಯುವ ದಿನ) ಬಂತು ಅಂದ್ರೆ ಗೆಜ್ಜೆ ಬಿಚ್ಚಲೇಬೇಕು, ಯಜಮಾನ್ರು ಬೇಡ ಅಂದ್ರೂ ನಡೆಯೋದಿಲ್ಲ. ರೋಸ್‌ಗೆ ಪತ್ತನಾಜೆಯೇ ಇಲ್ಲ. ಈ ಪಾಯಿಂಟ್ ಬರೆದ್ರೆ ಚಟ ಎಲ್ಲಿಂದ ಬಂತು ಅನ್ನೋದಕ್ಕೂ ಉತ್ತರ ಸಿಗ್ತದೆ. ಸ್ಟೇಜ್ ಹತ್ಲಿಕ್ಕೆ ಒಂದು ಬೇಕು, ಇಳಿದ ಮೇಲೆ ನಿದ್ದೆಗೆ ಇನ್ನೊಂದು ಬೇಕು, ಶೋ ಮಾತ್ರ ನಿಲ್ಲೋದಿಲ್ಲ.

ಡ್ರೈವರ್ ಹೂಸ್ಟನ್ ಡೈಯರ್ ಜೊತೆಗಿನ ಪ್ರೇಮ ಕಥೆ ಸ್ವಲ್ಪ ಎಳೆದ ಹಾಗೆ ಕಾಣ್ತದೆ, ಎರಡು ಸಾಲು ಸಾಕು. ಅದಕ್ಕಿಂತ ಬಿಲ್ಲಿ ರೇ ಸೀನ್ ಬಿಡ್ಬೇಡಿ. ಅವಳು ಅಷ್ಟು ಮೆಚ್ಚುವ ಹಿರಿಯ ಗಾಯಕ ಮುಖಕ್ಕೆ ಹೊಡೆದ ಹಾಗೆ "ನನ್ನ ಹಾಡು ಇನ್ನು ಹಾಡ್ಬೇಡ" ಅಂತಾನೆ, ಹೊರಗೆ ಇಷ್ಟು ಜನ ಕಿರುಚ್ತಾರಲ್ಲ, ಅದೆಲ್ಲ ಆ ಕೋಣೆಯಲ್ಲಿ ಎಂತಕ್ಕೂ ಉಪಯೋಗ ಇಲ್ಲ.

ಡ್ರಗ್ಸ್ ಹೇಗೆ ಜೀವ ತೆಗೀತದೆ ಅಂತ ಮೆಡಿಕಲ್ ಕಡೆ ಕೇಳಿದ್ರೆ ಇಷ್ಟು: ಹೆರಾಯಿನ್ ಉಸಿರಾಟ ನಿಧಾನ ಮಾಡ್ತದೆ, ಮದ್ಯ ಸೇರಿದ್ರೆ ಇನ್ನೂ ಜಾಸ್ತಿ. ಸ್ವಲ್ಪ ಕಾಲ ಬಿಟ್ಟವರ ದೇಹಕ್ಕೆ ಹಳೇ ಡೋಸ್ ತಡ್ಕೊಳ್ಳುವ ಶಕ್ತಿ ಇರೋದಿಲ್ಲ, ಹಾಗಾಗಿ ಬಿಟ್ಟು ಮತ್ತೆ ಹಿಡಿದವರಿಗೇ ಅಪಾಯ ಹೆಚ್ಚು.

ಕೊನೆ ಶೋ ಅವಳದೇ ಊರಲ್ಲಿ. ಅದಕ್ಕೆ ಮುಂಚೆ ಬೂತ್‌ನಿಂದ ಅಪ್ಪ ಅಮ್ಮನಿಗೆ ಫೋನ್ ಮಾಡ್ತಾಳೆ, ಆಮೇಲೆ ಸ್ಟೇಜಲ್ಲೇ ಕುಸಿದು ಬೀಳ್ತಾಳೆ. ಇದನ್ನು ಬರೆಯುವಾಗ "ದುರಂತ ಅಂತ್ಯ" ಅಂತ ಬಿಟ್ರೆ ಮಾರ್ಕ್ ಬರೋದಿಲ್ಲ, ಅಷ್ಟು ಹಾಳಾದ ಸ್ಥಿತಿಯಲ್ಲೂ ಅವಳನ್ನು ಮೈಕ್ ಮುಂದೆ ತಂದು ನಿಲ್ಲಿಸಿದ್ದು ಯಾರು ಅಂತ ಬರೀರಿ.