‘ಕರ್’ ಅಂದರೂ ನಾಯಿ ತಾನೇ, ಅದ್ಯಾಕೆ ಅಷ್ಟು ದೊಡ್ಡ ಬೈಗುಳ?

ಪ್ರಶ್ನೆ: ಶೇಕ್ಸ್‌ಪಿಯರ್ ನಾಟಕಗಳಲ್ಲಿ ಸಿಟ್ಟು ಬಂದವರು ಎದುರಿಗಿದ್ದವರನ್ನು ‘ಕರ್’ ಅಂತ ಬೈಯುತ್ತಾರೆ. ನಿಘಂಟು ನೋಡಿದರೆ ‘ಬೆರಕೆ ನಾಯಿ’ ಅಂತಿದೆ. ಸುಮ್ನೆ ‘ಡಾಗ್’ ಅಂದಿದ್ದರೆ ಸಾಲುತ್ತಿರಲಿಲ್ಲವೇ?

ಉತ್ತರ: ಸಾಲುತ್ತಿರಲಿಲ್ಲ. ‘ಕರ್’ ಅಂದಾಗ ಬೈಸಿಕೊಂಡವನ ಅಂತಸ್ತನ್ನೂ ಎತ್ತಿ ಆಡಿದ ಹಾಗೆ.

ಪದ ಬಹಳ ಹಳೆಯದು. 13ನೇ ಶತಮಾನದ ಇಂಗ್ಲಿಷ್ ಬರಹದಲ್ಲೇ ‘ಕರ್-ಡಾಗ್’ ಅಂತ ಸಿಗುತ್ತದೆ. ಗುರ್ ಅನ್ನುವುದಕ್ಕೆ ಹಳೆಯ ನಾರ್ಸ್ ಭಾಷೆಯಲ್ಲಿದ್ದ ‘ಕುರ್ರ’ ಇದಕ್ಕೆ ನೆಂಟ ಇರಬಹುದು ಎನ್ನುತ್ತಾರೆ. ಮನೆ ಕಾಯುವ, ದನ ಅಟ್ಟುವ ನಾಯಿಗೂ ಇದೇ ಹೆಸರಿತ್ತು. ಆದರೆ ಬೇಟೆಗೆಂದು ಹೌಂಡ್, ಗ್ರೇಹೌಂಡ್ ಸಾಕುತ್ತಿದ್ದವರು ದೊಡ್ಡ ಮನೆತನದವರು. ಕರ್ ಇದ್ದದ್ದು ರೈತರ, ದನಗಾಹಿಗಳ ಹಟ್ಟಿಯಲ್ಲಿ. ಸಾಕಿದವರಿಗೆ ಇಲ್ಲದ ಮರ್ಯಾದೆ ನಾಯಿಗೆ ಎಲ್ಲಿಂದ ಬರಬೇಕು!

‘ಮ್ಯಾಕ್‌ಬೆತ್’ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸುಪಾರಿ ಕೊಲೆಗಾರರು ‘ನಾವೂ ಗಂಡಸರೇ ದೊರೆ’ ಎನ್ನುತ್ತಾರೆ. ಹೌದಪ್ಪಾ, ಪಟ್ಟಿಯಲ್ಲಿ ನೀವೂ ಗಂಡಸರೇ, ಹೌಂಡು, ಸ್ಪ್ಯಾನಿಯಲ್ಲು, ಕರ್ರು ಎಲ್ಲಕ್ಕೂ ನಾಯಿ ಅಂತಲೇ ಹೆಸರಲ್ವಾ ಎಂದು ಮ್ಯಾಕ್‌ಬೆತ್ ಚುಚ್ಚುತ್ತಾನೆ. ಇನ್ನೊಂದು ನಾಟಕದ ರೋಮನ್ ಸೇನಾಪತಿ ಕೊರಿಯೊಲೇನಸ್ ಅಂತೂ ತನ್ನನ್ನು ಗಡಿಪಾರು ಮಾಡಿದ ರೋಮಿನ ಜನರನ್ನೇ ಕರ್‌ಗಳ ಹಿಂಡು ಎಂದು ಉಗಿಯುತ್ತಾನೆ.

ನನಗೆ ಜಾಸ್ತಿ ಇಷ್ಟವಾಗುವುದು ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಬಡ್ಡಿಗೆ ಸಾಲ ಕೊಡುವ ಯಹೂದಿ ಶೈಲಾಕನ ಮಾತು. ವೆನಿಸ್ಸಿನ ವ್ಯಾಪಾರಿ ಆಂಟೋನಿಯೊ ಅವನ ಮುಖಕ್ಕೆ ಉಗುಳಿದ್ದಾನೆ, ಹೊಸ್ತಿಲಿಗೆ ಬಂದ ಪರನಾಯಿಯನ್ನು ಒದ್ದ ಹಾಗೆ ಒದ್ದಿದ್ದಾನೆ. ಈಗ ಅವನೇ ಸಾಲಕ್ಕೆ ಬಂದು ನಿಂತಿದ್ದಾನೆ. ಶೈಲಾಕ್ ಕೇಳುತ್ತಾನೆ: ನಾಯಿ ಹತ್ತಿರ ದುಡ್ಡಿರುತ್ತದೆಯೇ? ಕರ್ ಒಂದು 3,000 ಡುಕಾಟ್ ಸಾಲ ಕೊಡುವುದುಂಟೇ? ಬೈದವನ ಮಾತನ್ನು ಬೈದವನಿಗೇ ಬಡ್ಡಿ ಸಮೇತ ವಾಪಸ್ ಮಾಡುವುದು ಅಂದರೆ ಇದು.

ನಮ್ಮ ‘ಕಂತ್ರಿ ನಾಯಿ’ಯ ಕಥೆಯೂ ಹೆಚ್ಚುಕಡಿಮೆ ಇದೇ. ‘ಕಂತ್ರಿ’ ಬಂದದ್ದು ಇಂಗ್ಲಿಷಿನ ‘ಕಂಟ್ರಿ’ಯಿಂದ ಎನ್ನುತ್ತಾರೆ. ಬ್ರಿಟಿಷರ ಬಾಯಲ್ಲಿ ಇಲ್ಲಿನ ಸರಕೆಲ್ಲ ‘ಕಂಟ್ರಿ’, ಅಂದರೆ ಒಂದು ಕೈ ಕಡಿಮೆ. ಆಮೇಲೆ ‘ಕಂತ್ರಿ ಬುದ್ಧಿ’ ಅಂತ ಮನುಷ್ಯರಿಗೂ ಅಂಟಿತು. ದುಡ್ಡು ಕೊಟ್ಟು ತಂದದ್ದನ್ನು ನಾವು ‘ಜಾತಿ ನಾಯಿ’ ಎನ್ನುತ್ತೇವೆ, ನೋಡಿ.

ಅಷ್ಟಾದರೂ ಇಂಗ್ಲೆಂಡಿನ ಆ ಕರ್ ನಾಯಿ ಕೆಲಸಕ್ಕೆ ಬಾರದ್ದೇನಲ್ಲ. 1790ರಲ್ಲಿ ಥಾಮಸ್ ಬ್ಯೂಯಿಕ್ ಎಂಬ ಇಂಗ್ಲಿಷ್ ಚಿತ್ರಕಾರ ಪ್ರಾಣಿಗಳ ಬಗ್ಗೆ ಪುಸ್ತಕ ತಂದಾಗ ಕರ್‌ಗೂ ಜಾಗ ಕೊಟ್ಟ. ರೈತನಿಗೆ ನಂಬಿಕಸ್ತ ಆಳು ಎಂದು ಹೊಗಳಿದ. ಈ ನಾಯಿ ಯಾವಾಗಲೂ ದನದ ಹಿಮ್ಮಡಿಗೇ ಬಾಯಿ ಹಾಕುತ್ತದೆ, ಹಾಗಾಗಿ ದನ ತಿರುಗಿ ಏನೂ ಮಾಡಲಾರದು ಎಂದು ಬರೆದ. ಎಷ್ಟೋ ಮರಿಗಳು ಹುಟ್ಟುವಾಗಲೇ ಮೋಟು ಬಾಲದವು ಎಂಬುದನ್ನೂ ಗಮನಿಸಿದ್ದ.

ಇವತ್ತು ಇಂಗ್ಲಿಷಿನಲ್ಲಿ ಯಾರನ್ನಾದರೂ ‘ಕರ್’ ಎಂದು ಬೈದರೆ ನಾಟಕದ ಡೈಲಾಗ್ ಹೊಡೆದ ಹಾಗೆ ಕೇಳಿಸುತ್ತದೆ. ಆದರೆ ಅಮೆರಿಕದಲ್ಲಿ ಮೌಂಟನ್ ಕರ್, ಬ್ಲ್ಯಾಕ್ ಮೌತ್ ಕರ್ ಎಂಬ ಬೇಟೆನಾಯಿಗಳಿವೆ. ಅಳಿಲು, ರಕೂನ್‌ಗಳನ್ನು ಮರ ಹತ್ತಿಸಿ, ಬೇಟೆಗಾರ ಬರುವ ತನಕ ಬುಡದಲ್ಲಿ ನಿಂತು ಬೊಗಳುತ್ತವೆ. ಅಲ್ಲಿನ ಯುನೈಟೆಡ್ ಕೆನೆಲ್ ಕ್ಲಬ್ ಇವನ್ನು ಪ್ರತ್ಯೇಕ ತಳಿಗಳೆಂದೇ ನೋಂದಾಯಿಸುತ್ತದೆ, ವಂಶಾವಳಿ ಸಮೇತ.